ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿದೆ?

ನಮ್ಮಲ್ಲಿ ಯಾವ ಸಮಸ್ಯೆ ತಲೆ ಎತ್ತಿದರೂ ಅದನ್ನು ಪಠ್ಯಕ್ಕೆ ಸೇರಿಸಿ ಕೈ ತೊಳೆದುಕೊಳ್ಳುವುದು ರೂಢಿ. ಅಪಘಾತ ಹೆಚ್ಚಿದರೆ ರಸ್ತೆ ಸುರಕ್ಷತೆಯ ಪಾಠ, ಕೆರೆ ಕೆಟ್ಟರೆ ಪರಿಸರದ ಪಾಠ, ಹುಡುಗರು ಹಾದಿ ತಪ್ಪಿದರು ಅನ್ನಿಸಿದರೆ ನೀತಿಪಾಠ. ಈಗ ಮಕ್ಕಳ ಮನಸ್ಸಿನ ಸರದಿ ಬಂದಿದೆ. 2022ರ ಒಂದೇ ವರ್ಷದಲ್ಲಿ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಇಂಥ ಅಂಕಿ ಹೊರಬಿದ್ದಾಗಲೆಲ್ಲ ಮನಸ್ಸನ್ನು ನಿಭಾಯಿಸುವುದನ್ನು ಶಾಲೆಯಲ್ಲಿ ಕಲಿಸಬೇಕು ಎಂಬ ಕೂಗು ಏಳುತ್ತದೆ. ಸಿಟ್ಟನ್ನು ಹಿಡಿತದಲ್ಲಿಡುವುದು, ಸೋಲನ್ನು ತಾಳಿಕೊಳ್ಳುವುದು, ಒಲ್ಲದ್ದಕ್ಕೆ ಒಲ್ಲೆ ಅನ್ನುವುದು, ಜೊತೆಗಾರನ ಸಂಕಟ ತಿಳಿಯುವುದು ಮಗುವಿಗೆ ಬರಬೇಕಾದ ವಿದ್ಯೆಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಇವನ್ನು ಕಲಿಸಲು ವೇಳಾಪಟ್ಟಿಯಲ್ಲೊಂದು ಪಿರಿಯಡ್, ಕೈಗೊಂದು ಪುಸ್ತಕ ಸಾಕು ಎಂಬ ನಂಬಿಕೆಗೆ ಪುರಾವೆಯ ಬಲ ಕಡಿಮೆ. ಪಾಠಕ್ಕಿಂತ ಮೊದಲು ಶಾಲೆಗೆ ಬೇಕಾದದ್ದು ಮಗುವಿನ ಮಾತು ಕೇಳಿಸಿಕೊಳ್ಳುವುದೇ ಕೆಲಸವಾಗಿರುವ ಒಬ್ಬ ಮನುಷ್ಯ.

ಇದನ್ನು ಹೇಳಲು ದೂರದೇಶದ ಉದಾಹರಣೆ ಬೇಕಿಲ್ಲ, ಬಿಹಾರದ ನಳಂದ ಜಿಲ್ಲೆ ಸಾಕು. ಅಲ್ಲಿನ 74 ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಯಿತು. 9ನೇ ತರಗತಿಯ ಮಕ್ಕಳ ಮೇಲೆ ಅದರ ಪರಿಣಾಮವೇನೆಂದು ಅಳೆದ ಫಲಿತಾಂಶ 2018ರ ಕೊನೆಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಾರ್ಯಕ್ರಮ ನಡೆಸುವ ಹೊಣೆ ಆಯಾ ಶಾಲೆಯ ಶಿಕ್ಷಕರೊಬ್ಬರದು. ಇನ್ನೊಂದರಲ್ಲಿ ಅದಕ್ಕೆಂದೇ ತರಬೇತಿ ಪಡೆದು ಬಂದ ‘ಮಿತ್ರ’ರದು, ಇವರು ಮನೋವೈದ್ಯರಲ್ಲ, ಸಾಮಾನ್ಯ ಸಲಹೆಗಾರರು. ಮೂರನೆಯ ಗುಂಪಿಗೆ ಈ ಕಾರ್ಯಕ್ರಮ ಇರಲಿಲ್ಲ. ಮಾಡಿದ ಕೆಲಸ ಎರಡೂ ಕಡೆ ಒಂದೇ: ಗೋಡೆಪತ್ರಿಕೆ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಾತುಕತೆ, ಬೇಕಾದವರಿಗೆ ಒಂಟಿಯಾಗಿ ಸಮಾಲೋಚನೆ, ಹೆಸರು ಬರೆಯದೆ ದೂರು-ದುಮ್ಮಾನ ಹಾಕಲು ಒಂದು ಪೆಟ್ಟಿಗೆ. ವರ್ಷದ ಕೊನೆಗೆ ಅಳೆದು ನೋಡಿದಾಗ ಮಿತ್ರರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆಯ ಲಕ್ಷಣ, ಪರಸ್ಪರ ಪೀಡನೆ, ಹೊಡೆದಾಟ ಕಡಿಮೆಯಾಗಿದ್ದವು. ಶಾಲೆ ನಮ್ಮದು ಎಂಬ ಭಾವ ಹೆಚ್ಚಿತ್ತು. ಶಿಕ್ಷಕರೇ ನಡೆಸಿದ ಶಾಲೆಗಳಿಗೂ ಈ ಕಾರ್ಯಕ್ರಮವಿಲ್ಲದ ಶಾಲೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಶಿಕ್ಷಕರನ್ನು ಹಳಿಯಲು ಈ ಫಲಿತಾಂಶ ನೆಪವಾಗಬಾರದು. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರ ಒಂದು ದಿನವನ್ನು ನೋಡಿ: ಹಾಜರಿ, ಹಾಲು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ನಡುನಡುವೆ ಪಾಠ. ಅದರ ಮೇಲೆ ಚುನಾವಣೆ, ಗಣತಿ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಬೇಕಾದ್ದರಿಂದ ದಸರಾ ರಜೆಯನ್ನೇ ಮುಂದುವರಿಸಬೇಕಾಯಿತು. ಇಂಥವರ ತಲೆಗೆ ಮತ್ತೊಂದು ಹೊಣೆ ಕಟ್ಟಿದರೆ ಅದು ರಿಜಿಸ್ಟರಿನಲ್ಲಿ ನಡೆದೀತೇ ಹೊರತು ತರಗತಿಯಲ್ಲಿ ನಡೆಯುವುದು ಕಷ್ಟ. ಇನ್ನೊಂದು ಅಡ್ಡಿ ಇದಕ್ಕಿಂತ ಸೂಕ್ಷ್ಮ. ಅಂಕ ಹಾಕುವವರು, ಹೆತ್ತವರನ್ನು ಕರೆಸುವವರು, ಬೆಂಚಿನ ಮೇಲೆ ನಿಲ್ಲಿಸುವವರು ಅವರೇ. ‘ಗಣಿತ ಕಂಡರೆ ಹೊಟ್ಟೆಯಲ್ಲಿ ನಡುಕ ಬರುತ್ತೆ ಸರ್’ ಎಂದು ಗಣಿತದ ಮೇಷ್ಟ್ರಿಗೇ ಹೇಳುವ ಧೈರ್ಯ ಎಷ್ಟು ಮಕ್ಕಳಿಗಿದೆ? ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ ಅವರ ಕೈಯಲ್ಲಿರುವ ಕೆಂಪು ಪೆನ್ನನ್ನು ಮಗು ಮರೆಯುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವಂತಿಲ್ಲ. 213 ಶಾಲಾ ಕಾರ್ಯಕ್ರಮಗಳ, 2.7 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟುಹಾಕಿದ ಅಮೆರಿಕದ ಸಂಶೋಧಕರು ಇಂಥ ಕಲಿಕೆಯಿಂದ ನಡತೆಯಷ್ಟೇ ಅಲ್ಲ, ಓದೂ ಸುಧಾರಿಸುತ್ತದೆ ಎಂದು 2011ರಲ್ಲಿ ತೋರಿಸಿದರು. ತರಗತಿಯ ಶಿಕ್ಷಕರೇ ನಡೆಸಿದ ಕಾರ್ಯಕ್ರಮಗಳೂ ಅದರಲ್ಲಿ ಫಲ ಕೊಟ್ಟಿದ್ದವು. ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲಾ ಶಿಕ್ಷಕರಿಗಾಗಿ ರೂಪಿಸಿದ ಜೀವನ ಕೌಶಲ ಶಿಕ್ಷಣವೂ ಮಕ್ಕಳ ಆತ್ಮವಿಶ್ವಾಸ ಹೆಚ್ಚಿಸಿದ್ದನ್ನು ಅದರ ಮೌಲ್ಯಮಾಪನ ಹೇಳುತ್ತದೆ. ಹಾಗಾದರೆ ಶಿಕ್ಷಕರಿಂದ ಆಗದು ಎನ್ನುವುದು ತಪ್ಪಲ್ಲವೇ? ತಪ್ಪೇ. ಆದರೆ ಫಲ ಸಿಕ್ಕ ಕಡೆಗಳಲ್ಲಿ ಮಕ್ಕಳು ಆಡಿ, ಅಭಿನಯಿಸಿ, ಚರ್ಚಿಸಿ ಕಲಿತಿದ್ದರು. ಹೆಜ್ಜೆ ಹೆಜ್ಜೆಯಾಗಿ ಕಲಿಸಲು ಸಮಯವೂ ಸಿದ್ಧತೆಯೂ ಇದ್ದವು. ಪಾಠವನ್ನಷ್ಟೇ ಎಲ್ಲರಿಗೂ ಹಂಚಿದರೆ ಆಗುವುದೇನು ಎಂಬುದಕ್ಕೆ ಬ್ರಿಟನ್ ಉತ್ತರ ಕೊಟ್ಟಿದೆ. ಅಲ್ಲಿ 85 ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಪಡೆದ ಶಿಕ್ಷಕರು ಧ್ಯಾನದ ಮಾದರಿಯ ಪಾಠಗಳನ್ನು ಮಾಡಿದ್ದರು. ಎಂದಿನ ಪಾಠಕ್ಕಿಂತ ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ನಮ್ಮ ಸರ್ಕಾರಗಳು ನಡೆದಿರುವುದು ಬಹುಮಟ್ಟಿಗೆ ಪಾಠದ ದಾರಿಯಲ್ಲೇ. ದೆಹಲಿ 2018ರಲ್ಲಿ 8ನೇ ತರಗತಿವರೆಗೆ ಸಂತೋಷದ ಪಠ್ಯಕ್ರಮ ತಂದು ದಿನಕ್ಕೊಂದು ಪಿರಿಯಡ್ ಇಟ್ಟಿತು. ಅದಕ್ಕೆ ಪರೀಕ್ಷೆ ಇಡದಿದ್ದುದು ಜಾಣತನ. 2020ರಲ್ಲಿ ಕೇಂದ್ರ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮ 11 ವಿಷಯಗಳ ಪಟ್ಟಿ ಮಾಡಿ, ಶಾಲೆಗೆ ಇಬ್ಬರು ಶಿಕ್ಷಕರನ್ನು ರಾಯಭಾರಿಗಳೆಂದು ಕರೆಯಿತು. ಪಟ್ಟಿ ಚೆನ್ನಾಗಿದೆ, ಆದರೆ ಆ ಇಬ್ಬರು ಮತ್ತೆ ಅದೇ ಮೇಷ್ಟ್ರು, ಅದೇ ಮೇಡಂ. ಇತ್ತ ಮಕ್ಕಳು ತಮ್ಮ ಆತಂಕದ ಮೂಲವನ್ನು ನೇರವಾಗಿಯೇ ಹೇಳಿದ್ದಾರೆ. ಎನ್‌ಸಿಇಆರ್‌ಟಿ 2022ರಲ್ಲಿ 6ರಿಂದ 12ನೇ ತರಗತಿಯ 3,79,842 ಮಕ್ಕಳನ್ನು ವಿಚಾರಿಸಿದಾಗ ಶೇ 81ರಷ್ಟು ಮಂದಿ ಬೊಟ್ಟು ಮಾಡಿದ್ದು ಓದು, ಪರೀಕ್ಷೆ, ಫಲಿತಾಂಶದ ಕಡೆಗೆ. ಬೆಳಿಗ್ಗೆ ಉಸಿರಾಟದ ಅಭ್ಯಾಸ ಮಾಡಿಸಿ ಮಧ್ಯಾಹ್ನ ಎಲ್ಲರೆದುರು ಅಂಕ ಓದಿ ಹಂಗಿಸುವ ಶಾಲೆಯಲ್ಲಿ ಮಗು ಕಲಿಯುವುದು ಮಧ್ಯಾಹ್ನದ ಪಾಠವನ್ನೇ. ಆ ಲೆಕ್ಕದಲ್ಲಿ ನೋಡಿದರೆ ಕರ್ನಾಟಕ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಮೂರು ಪರೀಕ್ಷೆಯ ಅವಕಾಶ ಕೊಟ್ಟದ್ದು ಹತ್ತು ಮೌಲ್ಯಪಾಠಗಳಿಗೆ ಸಮ. ಎಡವಿದ ಮಗುವಿಗೆ ಇನ್ನೊಮ್ಮೆ ಏಳಬಹುದು ಎಂದು ಬಾಯಲ್ಲಿ ಹೇಳುವ ಬದಲು ವ್ಯವಸ್ಥೆಯೇ ಅದನ್ನು ಮಾಡಿ ತೋರಿಸಿತು.

ಇದೆಲ್ಲ ಮನೆಯವರ ಕೆಲಸ, ಶಾಲೆಗೇಕೆ ಎಂದು ಕೇಳುವವರಿದ್ದಾರೆ. ಮನೆಯೇ ಮೊದಲ ಪಾಠಶಾಲೆ ಎಂಬುದು ನಿಜ. ಆದರೆ ನಸುಕಿಗೇ ಗಾರ್ಮೆಂಟ್ಸ್ ಬಸ್ಸು ಹತ್ತುವ ತಾಯಿಗೆ, ಕೂಲಿ ಹುಡುಕಿ ಊರು ಬಿಟ್ಟ ತಂದೆಗೆ ಮಗುವಿನ ಮುಖ ನೋಡಲೂ ಬಿಡುವಿಲ್ಲ. ಕೆಲವು ಮಕ್ಕಳಿಗಂತೂ ಭಯ ಇರುವುದು ಮನೆಯಲ್ಲೇ. ಎರಡನೆಯ ಆಕ್ಷೇಪ, ಹೀಗೆ ಮುದ್ದು ಮಾಡಿದರೆ ಮಕ್ಕಳು ಮೆತ್ತಗಾಗುತ್ತಾರೆ, ನಾವೆಲ್ಲ ಏಟು ತಿಂದೇ ಕಲಿಯಲಿಲ್ಲವೇ ಎಂಬುದು. ಏಟು ತಿಂದೂ ದಡ ಸೇರಿದವರು ಮಾತ್ರ ಇವತ್ತು ಈ ಮಾತು ಆಡಲು ಉಳಿದಿದ್ದಾರೆ. ಏಟಿಗೆ ಹೆದರಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟು ದನ ಕಾಯಲು ಹೋದವರನ್ನು ಯಾರೂ ಸಾಕ್ಷಿಗೆ ಕರೆದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಉಳಿದದ್ದು ದುಡ್ಡಿನ ಪ್ರಶ್ನೆ; ಗಟ್ಟಿಯಾದ ಆಕ್ಷೇಪ ಇದೊಂದೇ. ಮಂಜೂರಾದ ಶಿಕ್ಷಕರ ಹುದ್ದೆಗಳೇ ಖಾಲಿ ಬಿದ್ದು ಅತಿಥಿ ಶಿಕ್ಷಕರಿಂದ ಶಾಲೆ ನಡೆಯುತ್ತಿರುವಾಗ ಆಪ್ತ ಸಮಾಲೋಚಕರನ್ನು ಎಲ್ಲಿಂದ ತರುವುದು? ನಳಂದದ ಪಾಠ ಇಲ್ಲಿಯೇ ಉಪಯೋಗಕ್ಕೆ ಬರುವುದು. ಅಲ್ಲಿ ಕೆಲಸ ಮಾಡಿದ ಮಿತ್ರರಿಗೆ ದೊಡ್ಡ ಪದವಿಗಳು ಬೇಕಾಗಲಿಲ್ಲ. ತರಬೇತಿ, ಮೇಲ್ವಿಚಾರಣೆ ಮತ್ತು ಬೇರೆ ಕೆಲಸ ಹಚ್ಚದಿರುವುದು ಸಾಕಾಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯೂ ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಲೇಬೇಕು ಎಂದಿದೆ. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ನಂಟು ಇಟ್ಟುಕೊಳ್ಳಬೇಕು. ಸಮಸ್ಯೆ ಕೈಮೀರಿದರೆ ಮುಂದಿನ ದಾರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ, ಅದರ ಹಿಂದೆ ನಮ್ಮದೇ ನಿಮ್ಹಾನ್ಸ್ ಇದೆ. ಕೊರತೆ ಇರುವುದು ಮಗುವಿಗೂ ಈ ಎಲ್ಲಕ್ಕೂ ನಡುವೆ ನಿಲ್ಲುವ ಮೊದಲ ಕಿವಿಯದು. ಪ್ರೌಢಶಾಲೆಗಳಿಂದ ಆರಂಭಿಸಿ, ಅಕ್ಕಪಕ್ಕದ ಎರಡು ಮೂರು ಶಾಲೆಗಳಿಗೆ ಒಬ್ಬರಂತೆ ನೇಮಿಸಿದರೂ ಒಂದು ಹೆಜ್ಜೆ ಮುಂದಿಟ್ಟಂತೆ. ಅವರಿಗೆ ಬಿಸಿಯೂಟದ ಲೆಕ್ಕ, ಗಣತಿಯ ಚೀಲ ಹೊರಿಸುವುದಿಲ್ಲ ಎಂಬ ಸಾಲೊಂದು ನೇಮಕಾತಿ ಆದೇಶದಲ್ಲೇ ಇರಬೇಕು.

ಹಾಗೆಂದು ಪಾಠ ಬೇಡವೆಂದಲ್ಲ. ಕೇಳುವವರು ಇದ್ದಲ್ಲಿ ಪಾಠಕ್ಕೂ ಬೆಲೆ ಬರುತ್ತದೆ. ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಈಗಾಗಲೇ ದೂರಿನ ಪೆಟ್ಟಿಗೆ ಇದೆ. ಅದರ ಬೀಗ ತುಕ್ಕು ಹಿಡಿದಿದ್ದರೆ, ಕೀಲಿ ಹೆಡ್‌ಮಾಸ್ಟರ ಬೀರುವಿನಲ್ಲಿದ್ದರೆ, ಹೆಡ್‌ಮಾಸ್ಟರ ಮೇಲೆಯೇ ದೂರಿರುವ ಮಗು ಅದರೊಳಗೆ ಚೀಟಿ ಹಾಕುವುದಿಲ್ಲ. ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯ ಹೇಗಿದೆ ಎಂದು ತಿಳಿಯಲು ಎಸ್‌ಡಿಎಂಸಿ ಸಭೆಗೆ ಹೋಗುವ ಹೆತ್ತವರು ಪಠ್ಯಪುಸ್ತಕ ತಿರುವಿಹಾಕಬೇಕಿಲ್ಲ. ಆ ಪೆಟ್ಟಿಗೆಯನ್ನು ಕೊನೆಯ ಸಲ ತೆರೆದದ್ದು ಯಾವಾಗ, ತೆರೆದವರು ಯಾರು ಎಂದು ಕೇಳಿದರೆ ಸಾಕು.