ವನಭೋಜನ ಸಾಕು, ಶಿಬಿರ ಬೇಕು

ನಮ್ಮ ಸಂಘಗಳ ವಾರ್ಷಿಕ ಪ್ರವಾಸವೆಂಬುದು ಸವಕಲು ನಾಣ್ಯವಾಗಿದೆ. ಬಸ್ಸು ಗೊತ್ತುಮಾಡುವುದು, ದಾರಿಯುದ್ದಕ್ಕೂ ಅಂತ್ಯಾಕ್ಷರಿ, ಯಾವುದೋ ರಿಸಾರ್ಟಿನ ಕೊಳದಲ್ಲಿ ಮಿಂದು, ಬಿಸಿಬೇಳೆಭಾತು ಉಂಡು, ತಟ್ಟೆಗಳನ್ನು ಬೇಲಿಯಾಚೆ ಎಸೆದು, ಹೌಸಿ ಆಡಿ ರಾತ್ರಿ ಬದಲಾಪುರಕ್ಕೆ ಮರಳುವುದು. ವರದಿಯಲ್ಲಿ ಮಾತ್ರ ‘ನಿಸರ್ಗದ ಮಡಿಲಲ್ಲಿ’ ಎಂಬ ತಲೆಬರಹ! ಇದನ್ನು ನಿಲ್ಲಿಸಿ, ಮಕ್ಕಳನ್ನು ನಾಲ್ಕು ದಿನ ಗುಡಾರದ ಶಿಬಿರಕ್ಕೆ ಕರೆದೊಯ್ಯಬೇಕೆಂಬುದು ನಮ್ಮ ವಾದ.

‘ಅಪಾಯ’ ಎಂದು ಹಿರಿಯರು ತಲೆಯಾಡಿಸುತ್ತಾರೆ. ಕೊಂಡೇಶ್ವರದ ಮಡುವಿನಲ್ಲಿ ಎಳೆಯ ಜೀವಗಳು ಹೋಗಿರುವುದು ನಿಜ. ಮಳೆಗಾಲದಲ್ಲಿ ಜಿಲ್ಲಾಡಳಿತ ಜಲಪಾತಗಳಿಗೆ ನಿಷೇಧಾಜ್ಞೆ ಹಾಕುತ್ತ ಬಂದಿದೆ, ಅದನ್ನು ಪಾಲಿಸಲೇಬೇಕು. ಆದರೆ ಹಲಗೆ ನೆಟ್ಟ ಮಾತ್ರಕ್ಕೆ ನೀರಿನ ಗುಣ ಮಕ್ಕಳಿಗೆ ತಿಳಿದೀತೇ? 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಮೇಲೆಲ್ಲೋ ಮಳೆ ಸುರಿದರೆ ಕೆಳಗೆ ಕ್ಷಣದಲ್ಲಿ ನೀರೇರುತ್ತದೆ, ತಿಳಿನೀರು ಕೆಂಪಾದೊಡನೆ ದಡ ಸೇರಬೇಕು ಎಂಬಷ್ಟನ್ನು ಹಳ್ಳಿಯ ದನಗಾಹಿ ಬಲ್ಲ. ನಮ್ಮ ಪದವೀಧರ ಬಲ್ಲನೇ? ದೂರ ಉಳಿದವರ ಬಳಿಗೆ ನೀರೇ ಬರುವುದನ್ನೂ ನಾವು ಕಂಡಿದ್ದೇವೆ. 2019ರ ಜುಲೈ 27ರಂದು ಉಲ್ಲಾಸ ನದಿ ಉಕ್ಕಿ, ಬದಲಾಪುರ-ವಾಂಗಣಿ ನಡುವೆ ಸಿಕ್ಕಿಬಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು.

ಶಿಬಿರ ಮಳೆಗಾಲ ಕಳೆದು, ಡಿಸೆಂಬರಿನ ರಜೆಯಲ್ಲಿ ನಡೆಯಲಿ. ಮೊದಲು ಐರೋಳಿ. ವಾಶಿ ಸೇತುವೆಯ ಮೇಲೆ ನಾವು ಮೂಗು ಮುಚ್ಚಿ ದಾಟುವ ಠಾಣೆ ಖಾರಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು; ಠಾಣೆ ಖಾರಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಕೆಸರುನೀರಿನ ಪಾಚಿ, ಸಣ್ಣ ಜೀವಿಗಳೇ ಹಕ್ಕಿಗೆ ಆಹಾರ. ಅದರ ಗುಲಾಬಿ ಬಣ್ಣವೂ ಅಲ್ಲಿಂದಲೇ. ದಂಡೆಯ ಕಾಂಡ್ಲಾ ಗಿಡಗಳು ಅಲೆಯ ಹೊಡೆತ ತಡೆಯುತ್ತವೆ. ಇದನ್ನು ಕಣ್ಣಾರೆ ಕಂಡ ಹುಡುಗ ನಾಳೆ ಫ್ಲ್ಯಾಟು ಕೊಳ್ಳುವಾಗ, ಯಾವ ಜೌಗುನೆಲ ತುಂಬಿಸಿ ಈ ಕಟ್ಟಡ ಎದ್ದಿತೆಂದು ಕೇಳಿಯಾನು.

ಅಲ್ಲಿಂದ ಕೊಂಕಣ ರೈಲಿನಲ್ಲಿ ರತ್ನಾಗಿರಿ. ಕಶೇಳಿಯ ಬಯಲಲ್ಲಿ ಮುರಕಲ್ಲಿನ ಮೇಲೆ ಕೊರೆದ ಆನೆ ಸುಮಾರು 18 ಮೀಟರು ಉದ್ದ. ಅದರ ಒಡಲ ತುಂಬ ಬೇರೆ ಪ್ರಾಣಿಗಳು. ಕಶೇಳಿ, ಬಾರ್ಸು ಮೊದಲಾದ ತಾಣಗಳು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಮರುವರ್ಷವೇ ಬಾರ್ಸುವಿನಲ್ಲಿ ತೈಲ ಶುದ್ಧೀಕರಣಾಗಾರಕ್ಕೆಂದು ಮಣ್ಣುಪರೀಕ್ಷೆ ನಡೆದಾಗ ಹಳ್ಳಿಗರು ಬಿಸಿಲಲ್ಲಿ ನೆಲ ಹಿಡಿದು ಪ್ರತಿಭಟಿಸಿದರು. ಈ ಚಿತ್ರಗಳಿಗೆ ಗುಹೆಯ ಮರೆಯಿಲ್ಲ; ಲಾರಿ ಹರಿದರೆ, ಕಲ್ಲುಕೋರೆ ತೆರೆದರೆ ಮುಗಿಯಿತು. ಅದೇ ಮುರಕಲ್ಲಿನಿಂದ ಮನೆ ಕಟ್ಟಿಕೊಂಡ ಕರಾವಳಿಯ ನಮ್ಮವರಿಗೆ ಇದು ಪರರ ಸೊತ್ತೇ?

ಕೊನೆಯ ದಿನ ದೇವರುಖದ ಬಳಿಯ ಮಾರ್ಲೇಶ್ವರ ಜಲಪಾತ. ಊರವರೊಬ್ಬರು ಜೊತೆಗಿರಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ಕಾಲಿಡಬಾರದು ಎಂಬುದನ್ನು ಅವರೇ ಕಲಿಸಲಿ. ಉಂಡ ಎಲೆ, ಒಡೆದ ಬಾಟಲಿ ಎಲ್ಲವನ್ನೂ ಮಕ್ಕಳೇ ಹೊತ್ತು ತರಲಿ.

ಹಣದ ನೆಪ ಬೇಡ. ರೈಲಿನ ಎರಡನೆಯ ದರ್ಜೆ, ಬಾಡಿಗೆ ಗುಡಾರ, ಕೈಯಡುಗೆಗೆ ರಿಸಾರ್ಟಿನಷ್ಟು ಖರ್ಚಿಲ್ಲ. ಬೇಕಾದುದು ದುಡ್ಡಲ್ಲ, ಮನಸ್ಸು. ಕಾರ್ಯಕಾರಿ ಸಮಿತಿಯ ಮಹನೀಯರು ಬಸ್ಸಿಗೆ ಮುಂಗಡ ಕೊಡುವ ಮುನ್ನ ಈ ವಿಷಯವನ್ನು ಮಹಾಸಭೆಯ ಮುಂದಿಡಲಿ. ಅವರು ಇಡದಿದ್ದರೆ ನಾವೇ ಎತ್ತುತ್ತೇವೆ.