ಬುದ್ಧನ ಬಾಗಿಲವರೆಗೂ ಬಸ್ಸು ಬರಲಿ

'ಫ್ರೀ ಬಸ್ಸು ಬಂದಮೇಲೆ ಹೆಂಗಸರು ಮನೇಲೇ ನಿಲ್ಲಲ್ಲ' ಅನ್ನೋ ಮಾತು ಅರಳಿಕಟ್ಟೆಗಳಲ್ಲಿ ಈಗಲೂ ಕೇಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಗೊಣಗಾಟ ನಿಂತಿಲ್ಲ. ಆಸ್ಪತ್ರೆಗೆ, ಕೂಲಿಗೆ, ಕಾಲೇಜಿಗೆ ಹೋದರೆ ಸರಿಯಂತೆ, ಸುತ್ತಾಡಲು ಹೋದರೆ ತಪ್ಪಂತೆ. ನಾವು ಇದನ್ನು ಒಪ್ಪುವುದಿಲ್ಲ. ವರ್ಷವಿಡೀ ಹೊಲ, ಕೊಟ್ಟಿಗೆ, ಒಲೆ ನೋಡಿಕೊಂಡವರು ಒಂದು ದಿನ ಬೇರೆ ಊರು ನೋಡಿ ಬಂದರೆ ಯಾರ ಗಂಟೂ ಹೋಗುವುದಿಲ್ಲ.

ಬೈಲಕುಪ್ಪೆಯನ್ನೇ ತೆಗೆದುಕೊಳ್ಳಿ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ, ಮಡಿಕೇರಿ ಕಡೆಗೆ ಹೋಗುವ ಸರ್ಕಾರಿ ಬಸ್ಸು ಹತ್ತಿದರೆ ಸುಮಾರು ಎರಡೂವರೆ ಗಂಟೆಯ ದಾರಿ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ರಾಜಹಂಸ, ಐರಾವತದಲ್ಲಿ ಇದು ನಡೆಯುವುದಿಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಕತ್ತಲಾಗುವಷ್ಟರಲ್ಲಿ ಮೈಸೂರಿಗೆ ವಾಪಸ್.

ಅಲ್ಲಿ ನೋಡುವುದೇನು? ನಾಮ್‌ಡ್ರೋಲಿಂಗ್ ಮಠದ ಆವರಣದಲ್ಲಿರುವ ದೇವಾಲಯವನ್ನು ಜನ ಗೋಲ್ಡನ್ ಟೆಂಪಲ್ ಅನ್ನುತ್ತಾರೆ. ಒಳಗೆ 60 ಅಡಿ ಎತ್ತರದ ಬುದ್ಧ ಕೂತಿದ್ದಾನೆ. ಅವನ ಅಕ್ಕಪಕ್ಕ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯುಸ್. ತಾಮ್ರದ ಮೈ, ಮೇಲೆ ಚಿನ್ನದ ಲೇಪ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ.

ನಮಗೆ ಮೂರ್ತಿಯಷ್ಟೇ ದೊಡ್ಡದಾಗಿ ಕಾಣುವುದು ಅದನ್ನು ನಿಲ್ಲಿಸಿದವರ ಕತೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ರಾಜ್ಯ ಇಲ್ಲಿ ಜಾಗ ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಅಲ್ಲಿನವರು ಇವತ್ತಿಗೂ ನೆನೆಯುತ್ತಾರೆ. ಬಂದವರು ಕಾಡು ಕಡಿದು, ನೆಲ ಹಸನು ಮಾಡಿ, ಮುಸುಕಿನ ಜೋಳ ಬೆಳೆದರು. 1963ರಲ್ಲಿ ಪೆನೋರ್ ರಿನ್‌ಪೋಚೆ ಶುರು ಮಾಡಿದ ಮಠ ಮೊದಲಿಗೆ ಬರೀ ಬಿದಿರಿನ ಗುಡಿ. ಈಗಿನ ದೇವಾಲಯ ತೆರೆದದ್ದು 1999ರಲ್ಲಿ. ಊರು ಬಿಟ್ಟು ಬರಿಗೈಲಿ ಬಂದವರು ಇಷ್ಟು ಕಟ್ಟಿದರಲ್ಲ ಅಂತ ಕಣ್ಣಾರೆ ನೋಡುವುದು ನಮ್ಮ ಮಕ್ಕಳಿಗೂ ಒಂದು ಪಾಠ.

ತೊಡಕಿರುವುದು ಕೊನೆಯ ಕೆಲವು ಕಿಲೋಮೀಟರಿನಲ್ಲಿ. ದೂರದ ಬಸ್ಸು ಹೆದ್ದಾರಿಯಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಮಠ ಇರುವುದು ಒಳಗೆ. ಅಲ್ಲಿಂದ ಹೆಚ್ಚಿನವರಿಗೆ ಆಟೋನೇ ಗತಿ. ಮೈಸೂರಿನಿಂದ ಪುಕ್ಕಟೆ ಬಂದ ಅಜ್ಜಿ ಇಲ್ಲಿ ಸೆರಗಿನ ಗಂಟು ಬಿಚ್ಚಬೇಕು. ನಾಲ್ಕೈದು ಜನ ಸೇರಿದರೆ ಬಾಡಿಗೆ ಹಂಚಿಕೊಳ್ಳಬಹುದು, ಒಬ್ಬರೇ ಬಂದವರು ಏನು ಮಾಡಬೇಕು? ಆಟೋದವರದ್ದೂ ಹೊಟ್ಟೆಪಾಡು, ಅವರನ್ನು ದೂರಿ ಫಲವಿಲ್ಲ. ಕುಶಾಲನಗರ ಬಸ್ ನಿಲ್ದಾಣದಿಂದ ಮಠದ ಬಾಗಿಲಿಗೆ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಸರ್ಕಾರಿ ಮಿನಿ ಬಸ್ಸು, ಅದರ ವೇಳಾಪಟ್ಟಿ ನಿಲ್ದಾಣದ ಗೋಡೆಯ ಮೇಲೆ ಕನ್ನಡದಲ್ಲಿ ಇದ್ದರೆ ಸಾಕು. ಪ್ರವಾಸಿಗರಷ್ಟೇ ಅಲ್ಲ, ಸುತ್ತಲಿನ ಹಳ್ಳಿಯ ಶಾಲೆ ಮಕ್ಕಳೂ ಹತ್ತುತ್ತಾರೆ.

ನಾವೂ ಒಂದು ಮಾತು ಪಾಲಿಸಬೇಕು. ಅದು ಪಿಕ್ನಿಕ್ ತಾಣವಲ್ಲ, ಸನ್ಯಾಸಿಗಳು ಓದುವ, ಪ್ರಾರ್ಥಿಸುವ ಜಾಗ. ಚಪ್ಪಲಿ ಹೊರಗೆ ಬಿಡಿ, ಒಳಗೆ ದನಿ ತಗ್ಗಿಸಿ. ಸನ್ಯಾಸಿಗಳನ್ನು ಎಳೆದು ಸೆಲ್ಫಿ ತೆಗೆಯಬೇಡಿ.

ನಿಮ್ಮ ಸ್ವಸಹಾಯ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಹೋಗುವ ದಿನ ಗೊತ್ತುಮಾಡಿ, ಜೊತೆಗೆ ಮಿನಿ ಬಸ್ಸಿಗಾಗಿ ಸಾರಿಗೆ ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ. ಹೋದ ದಿನವೇ ಕೊಟ್ಟು ಸ್ವೀಕೃತಿ ಪಡೆದುಕೊಂಡು ಬನ್ನಿ.