ಬೆಂಕಿ ಬಿದ್ದ ಜಾಗದಲ್ಲಿ ಯಜಮಾನ ಯಾರು?

ತಣಿಸಂದ್ರ ಮುಖ್ಯರಸ್ತೆಯಲ್ಲಿ ಸಂಜೆ ಬಸ್ಸು ಹಿಡಿಯುವವರಿಗೆ ಒಂದು ಪ್ರಶ್ನೆ. ನಾಗವಾರದ ಕಡೆಯಿಂದ ಬರುವ ಬಸ್ಸು ಇಂಚಿಂಚಾಗಿ ತೆವಳುವ ಹೊತ್ತಿನಲ್ಲಿ ಹಿಂದೆ ಅಗ್ನಿಶಾಮಕ ದಳದ ಸೈರನ್ ಕೇಳಿಸಿದರೆ ಆ ಗಾಡಿಗೆ ದಾರಿ ಎಲ್ಲಿದೆ ಸ್ವಾಮಿ?

ಹೇಗೋ ಬಂದು ಸೇರಿತು ಅಂತಲೇ ಇಟ್ಟುಕೊಳ್ಳಿ. ಎರಡನೇ ಪ್ರಶ್ನೆ ಇನ್ನೂ ದೊಡ್ಡದು. ಅಷ್ಟರಲ್ಲಿ ಅಲ್ಲಿ ಪೊಲೀಸರಿರುತ್ತಾರೆ, ಬೆಸ್ಕಾಂನವರು, ಪಾಲಿಕೆಯವರು, 108 ಆಂಬುಲೆನ್ಸ್, ಜೊತೆಗೆ ಒಬ್ಬಿಬ್ಬರು ಪುಢಾರಿಗಳೂ ಇರುತ್ತಾರೆ. ಎಲ್ಲರೂ ಕೂಗುತ್ತಾರೆ. ಯಾರ ಮಾತು ನಡೆಯಬೇಕು?

ಇದು ಸುಮ್ಮನೆ ಎತ್ತಿದ ಪ್ರಶ್ನೆಯಲ್ಲ. 2024ರ ಅಕ್ಟೋಬರ್ 22ನ್ನು ನೆನಪು ಮಾಡಿಕೊಳ್ಳಿ. ರಾತ್ರಿಯೆಲ್ಲ ಸುರಿದ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಕೆರೆಯಂತಾಗಿ, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಅದೇ ದಿನ ಮಧ್ಯಾಹ್ನ ನಮ್ಮ ಪಕ್ಕದ ಹೆಣ್ಣೂರು ಕಡೆಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕೂಲಿಕಾರರು ಅಡಿಗೆ ಸಿಕ್ಕಿಬಿದ್ದರು. 9 ಜನ ಸತ್ತರು. ಅಗ್ನಿಶಾಮಕ ದಳ, ರಾಷ್ಟ್ರೀಯ ವಿಪತ್ತು ದಳ, ಪೊಲೀಸರು, ಪಾಲಿಕೆಯವರು ಎಲ್ಲರೂ ಬಂದರು. ಒಂದೇ ದಿನ, ಒಂದೇ ಉತ್ತರ ಬೆಂಗಳೂರು, ಎರಡು ಅನಾಹುತ. ಯಾವ ಗಾಡಿ ಯಾವ ಕಡೆ ಹೋಗಬೇಕು, ಯಾರು ಅವಶೇಷ ತೆಗೆಯಬೇಕು, ಯಾರು ಜನರನ್ನು ದೂರ ಇಡಬೇಕು ಅನ್ನೋದನ್ನ ಒಬ್ಬ ತೀರ್ಮಾನಿಸದಿದ್ದರೆ ಕೈ ಎಷ್ಟಿದ್ದರೂ ಕೆಲಸ ಸಾಗಲ್ಲ.

ಕಾನೂನು ಏನು ಹೇಳುತ್ತೆ?

ಬೆಂಕಿಯ ಮಟ್ಟಿಗೆ ಉತ್ತರ ಹಳೆಯದು. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಸ್ಥಳದಲ್ಲಿರುವ ದಳದ ಉಸ್ತುವಾರಿ ಅಧಿಕಾರಿಗೇ ಅಧಿಕಾರ ಕೊಟ್ಟಿದೆ. ಕೆಲಸಕ್ಕೆ ಅಡ್ಡಿಯಾಗುವವರನ್ನು ಆತ ಹೊರಗೆ ಕಳಿಸಬಹುದು, ರಸ್ತೆ ಮುಚ್ಚಬಹುದು, ಪೈಪ್ ಒಯ್ಯಲು ಬಾಗಿಲು ಗೋಡೆ ಒಡೆಯಬಹುದು. ಪುಢಾರಿಯ ಮಾತಿಗೆ ಅಲ್ಲಿ ಕಾಸಿನ ಬೆಲೆಯೂ ಇಲ್ಲ.

ಆದರೆ ಕಟ್ಟಡ ಕುಸಿತ, ನೆರೆ ಅಂತ ಬಂದಾಗ ಹತ್ತು ಇಲಾಖೆಗಳು ಸೇರುತ್ತವೆ. ಅದಕ್ಕೆಂದೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಒಂದು ಪದ್ಧತಿ ಬರೆದುಕೊಟ್ಟಿತು. ಮೇಲೆ ಜಿಲ್ಲಾಧಿಕಾರಿ ಹೊಣೆ, ಸ್ಥಳದಲ್ಲಿ ಒಬ್ಬ ಕಮಾಂಡರ್, ಅವನ ಕೆಳಗೆ ಮೂರು ವಿಭಾಗ: ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಪೂರೈಕೆ. ಇದರ ಮೂಲ ಅಮೆರಿಕದ್ದು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಎದ್ದಾಗ ಹಲವು ಊರಿನ ದಳಗಳು ಓಡಿಬಂದವು. ಒಬ್ಬರ ವೈರ್‌ಲೆಸ್ ಇನ್ನೊಬ್ಬರಿಗೆ ಕೇಳಿಸದು, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು ಅನ್ನೋ ಸ್ಥಿತಿ. ಆ ಗೊಂದಲದಿಂದ ಕಲಿತ ಪಾಠವೇ ಈ ಪದ್ಧತಿ.

ಮೊದಲ ಗಾಡಿಯವನೇ ಮೊದಲ ಕಮಾಂಡರ್

ದೊಡ್ಡ ಸಾಹೇಬರು ಬರುವ ತನಕ ಯಾರೂ ಕಾಯುವಂತಿಲ್ಲ. ಮೊದಲು ಬಂದ ಗಾಡಿಯ ಮುಖ್ಯಸ್ಥನೇ ಆ ಹೊತ್ತಿಗೆ ಕಮಾಂಡರ್. ಅವನು ಪೈಪ್ ಹಿಡಿದು ಒಳಗೆ ನುಗ್ಗುವುದಕ್ಕಿಂತ ಮೊದಲು ಕಟ್ಟಡವನ್ನು ಸಾಧ್ಯವಾದಷ್ಟು ಸುತ್ತ ನೋಡಬೇಕು. ಏನು ಉರೀತಿದೆ, ಒಳಗೆ ಎಷ್ಟು ಜನ, ಕರೆಂಟ್ ಹೋಗಿದೆಯಾ, ಇನ್ನೆಷ್ಟು ಗಾಡಿ ಬೇಕು ಅಂತ ವೈರ್‌ಲೆಸ್‌ನಲ್ಲಿ ಹೇಳಬೇಕು. ನಂತರ ಹಿರಿಯ ಅಧಿಕಾರಿ ಬಂದಾಗ, ಇಲ್ಲಿವರೆಗೆ ಏನಾಯಿತು ಅಂತ ಬಾಯಿಬಿಟ್ಟು ಹೇಳಿ ಜವಾಬ್ದಾರಿ ಒಪ್ಪಿಸಬೇಕು.

ಸಿಬ್ಬಂದಿಯ ಕೆಲಸ ಬರೀ ನೀರು ಹಾರಿಸುವುದಲ್ಲ. ಒಳಗೆ ಹೋದವರು ಕಮಾಂಡರ್‌ಗೆ ಕಣ್ಣು, ಕಿವಿ. 'ಎರಡನೇ ಮಹಡಿ ನೋಡಿದೆವು, ಯಾರೂ ಇಲ್ಲ', 'ಸಜ್ಜಾ ಬಿರುಕು ಬಿಟ್ಟಿದೆ' ಅಂತ ಅವರು ಹೇಳಿದರೆ ಮಾತ್ರ ಹೊರಗೆ ನಿಂತವನ ಲೆಕ್ಕ ಸರಿಹೋಗುತ್ತೆ. ಬಾಗಿಲಲ್ಲಿ ಒಬ್ಬ ನಿಂತು ಯಾರು ಒಳಗೆ ಹೋದರು, ಎಷ್ಟು ಹೊತ್ತಾಯಿತು ಅಂತ ಬರೆದಿಡಬೇಕು. ಬೆನ್ನಿಗೆ ಕಟ್ಟಿದ ಉಸಿರಾಟದ ಸಿಲಿಂಡರ್ ಸಾಮಾನ್ಯವಾಗಿ ಅರ್ಧ ಗಂಟೆ ಆಸುಪಾಸು ಬರುತ್ತೆ, ಮೈಮುರಿದು ದುಡಿದರೆ ಅದಕ್ಕಿಂತ ಬೇಗ ಖಾಲಿ. ಲೆಕ್ಕ ತಪ್ಪಿದರೆ ಕಾಪಾಡಲು ಹೋದವನನ್ನೇ ಹುಡುಕಬೇಕಾಗುತ್ತೆ.

ನೀರಿನದೂ ಲೆಕ್ಕವೇ. 4,500 ಲೀಟರ್ ತುಂಬಿದ ಗಾಡಿಯಿಂದ ನಿಮಿಷಕ್ಕೆ 450 ಲೀಟರ್ ಹಾರಿಸಿದರೆ ಹತ್ತೇ ನಿಮಿಷಕ್ಕೆ ಟ್ಯಾಂಕ್ ಬರಿದು. ಅಷ್ಟರೊಳಗೆ ಎರಡನೇ ಗಾಡಿ ತಯಾರಾಗಿರಬೇಕು. ಆದರೆ ಎಲ್ಲ ಗಾಡಿಗಳೂ ಬೆಂಕಿಯ ಬುಡಕ್ಕೇ ನುಗ್ಗಿದರೆ ಖಾಲಿಯಾದದ್ದು ಹೊರಗೆ ಬರಲ್ಲ, ತುಂಬಿದ್ದು ಒಳಗೆ ಹೋಗಲ್ಲ. ಆದ್ದರಿಂದ ಉಳಿದವು ಸ್ವಲ್ಪ ದೂರದಲ್ಲಿ ನಿಂತು ಕರೆ ಬರುವ ತನಕ ಕಾಯುತ್ತವೆ. ನಿಂತ ಗಾಡಿ ನೋಡಿ 'ಸುಮ್ಮನೆ ಕೂತಿದ್ದಾರೆ' ಅಂತ ಬೈಯುವವರು ಇದನ್ನ ತಿಳಿಯಬೇಕು.

ಒಂದು ಸರಿಯಾದ ತೀರ್ಮಾನ ಏನು ಮಾಡುತ್ತೆ ಅನ್ನೋದಕ್ಕೆ ಯಲಹಂಕದಲ್ಲೇ ಸಾಕ್ಷಿ ಇದೆ. 2019ರ ಫೆಬ್ರವರಿ 23ರಂದು ಏರೋ ಇಂಡಿಯಾ ಪಾರ್ಕಿಂಗ್ ಮೈದಾನದ ಒಣಹುಲ್ಲಿಗೆ ಬೆಂಕಿ ಬಿದ್ದು, ಗಾಳಿ ಸೇರಿ, ಸುಮಾರು 300 ಕಾರು ಸುಟ್ಟವು. ಪಕ್ಕದ ಕಾರುಗಳನ್ನು ಎಳೆದು ನಡುವೆ ಜಾಗ ಖಾಲಿ ಮಾಡಿದ ಮೇಲೆ ಬೆಂಕಿ ಹತೋಟಿಗೆ ಬಂತು. ಪ್ರಾಣಹಾನಿ ಆಗಲಿಲ್ಲ. ಇರುವ ನೀರನ್ನೆಲ್ಲ ಉರಿಯುವ ಕಾರಿಗೇ ಸುರಿಯುವ ಬದಲು ಉರಿಯದ ಕಾರು ಉಳಿಸು ಅನ್ನೋದು ದೂರ ನಿಂತು ಇಡೀ ಮೈದಾನ ನೋಡುವವನಿಗೆ ಹೊಳೆಯುವ ಮಾತು. ಪೈಪ್ ಹಿಡಿದವನಿಗೆ ಎದುರಿನ ಜ್ವಾಲೆ ಬಿಟ್ಟು ಬೇರೆ ಕಾಣಲ್ಲ.

ನಮ್ಮ ಪಾಲಿನ ಕೆಲಸ

ಈಗ ಅಂಗಡಿಯವರ ಕಡೆ ಬರೋಣ. 2025ರ ಆಗಸ್ಟ್ 16ರಂದು ನಗರ್ತಪೇಟೆಯ ಕಟ್ಟಡಕ್ಕೆ ಬೆಂಕಿ ಬಿದ್ದು 5 ಜನ ಸತ್ತರು. ಅಲ್ಲಿನ ಇಕ್ಕಟ್ಟು ಗಲ್ಲಿಗಳನ್ನು ನೋಡಿದವರಿಗೆ ದಳದ ಪಾಡು ಹೇಳಬೇಕಾಗಿಲ್ಲ. ತಣಿಸಂದ್ರ, ಹೆಗಡೆ ನಗರದ ಅಡ್ಡರಸ್ತೆಗಳೇನು ಕಡಿಮೆಯೇ? ಕೆಳಗೆ ಅಂಗಡಿ, ಮೇಲೆ ಪಿ.ಜಿ., ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆ, ಬಾಗಿಲಿಗೆ ಅಡ್ಡ ಸ್ಕೂಟರ್. ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಎತ್ತರಕ್ಕೇರುವ ಏಣಿ ಗಾಡಿ ಬಂದಿದೆ, ಸಂತೋಷ. ಅದು ಗಲ್ಲಿಯಲ್ಲಿ ತಿರುಗಬೇಕಲ್ಲ?

ದಳ ಬಂದಾಗ ಹತ್ತು ಜನ ಒಟ್ಟಿಗೆ ಕೂಗುವುದರಿಂದ ಉಪಕಾರವಿಲ್ಲ. ಕಟ್ಟಡ ಗೊತ್ತಿರುವ ಒಬ್ಬರು ಮುಂದೆ ಬಂದು ನಾಲ್ಕು ಮಾತು ಹೇಳಲಿ: ಒಳಗೆ ಎಷ್ಟು ಜನ, ಗ್ಯಾಸ್ ಸಿಲಿಂಡರ್ ಎಲ್ಲಿ, ಮೇನ್ ಸ್ವಿಚ್ ಎಲ್ಲಿ, ಬೇರೆ ಬಾಗಿಲು ಇದೆಯೋ ಇಲ್ಲವೋ. ಬೀಗದಕೈ ಇದ್ದರೆ ಕೊಡಿ. ಆಮೇಲೆ ಪಕ್ಕಕ್ಕೆ ಸರಿಯಿರಿ. ಕಟ್ಟಡ ಕುಸಿದ ಕಡೆ ಅಧಿಕಾರಿ 'ಸದ್ದು ಬೇಡ' ಅಂದರೆ ಅದು ದರ್ಪವಲ್ಲ, ಕೆಳಗಿನಿಂದ ನರಳಾಟ ಕೇಳಿಸುತ್ತಾ ಅಂತ ಕಿವಿಗೊಡುವ ಹೊತ್ತು. ಮೊಬೈಲ್‌ನಲ್ಲಿ ಚಿತ್ರ ಹಿಡಿಯುವವರು ಇದನ್ನ ಮರೆಯಬಾರದು.

ಸರ್ಕಾರಕ್ಕೂ ಒಂದು ಮಾತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಅದೇ ವರ್ಷ ತಿದ್ದುಪಡಿಯಾದ ವಿಪತ್ತು ಕಾಯ್ದೆ ರಾಜಧಾನಿಗಳಿಗೆ ಪ್ರತ್ಯೇಕ ನಗರ ವಿಪತ್ತು ಪ್ರಾಧಿಕಾರಕ್ಕೆ ದಾರಿ ಮಾಡಿದೆ. ಕುರ್ಚಿ ಹೆಚ್ಚಾದಾಗ 'ನನಗಲ್ಲ, ನಿನಗೆ' ಅನ್ನುವ ಚಾಳಿಯೂ ಹೆಚ್ಚುತ್ತೆ. ಮಳೆಗಾಲಕ್ಕೆ ಮುಂಚೆ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ದಳ ನಾಲ್ವರೂ ಒಟ್ಟಿಗೆ ತಣಿಸಂದ್ರ ಮುಖ್ಯರಸ್ತೆಯಲ್ಲಿ, ಅದೂ ಸಂಜೆ ಜನಸಂದಣಿಯ ಹೊತ್ತಿನಲ್ಲಿ, ಒಂದು ಅಣಕು ಕಾರ್ಯಾಚರಣೆ ಮಾಡಲಿ. ಗಾಡಿ ಎಲ್ಲಿ ಸಿಕ್ಕಿಕೊಳ್ಳುತ್ತೆ, ಯಾರ ವಾಕಿಟಾಕಿ ಯಾರಿಗೆ ಕೇಳಿಸಲ್ಲ ಅನ್ನೋದು ಅವತ್ತೇ ಗೊತ್ತಾಗಲಿ.

ಅಲ್ಲಿವರೆಗೆ ಬೆಂಕಿಗೆ 101, ಯಾವ ತುರ್ತಿಗೂ 112. ಈ ಎರಡು ನಂಬರನ್ನ ಗಲ್ಲಾಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಅಂಗಡಿಯ ಮುಂದಿನ ಸ್ಕೂಟರನ್ನ ಇವತ್ತೇ ಬೇರೆ ಕಡೆ ನಿಲ್ಲಿಸಿ.